ಯೂರಿನ್ ಡ್ರಗ್ ಟೆಸ್ಟ್ ಎಷ್ಟು ನಂಬಬಹುದು? ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತೇನೆ. ಹೊಸದಾಗಿ ಕಂಪನಿ ಸೇರುವವರು, ಹಡಗಿನ ಕೆಲಸಕ್ಕೆ ಹೊರಟ ಹುಡುಗರು, ಮಗನ ಮೇಲೆ ಅನುಮಾನ ಬಂದ ಅಪ್ಪ-ಅವ್ವ, ಹೀಗೆ ಎಲ್ಲರೂ ಬರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹಿಂದೆ ಹತ್ತು ಮಂದಿ ಕಾಯುತ್ತಿರುವಾಗ ಕೌಂಟರಿನಲ್ಲಿ ನಿಂತು ಹೇಳಿ ಮುಗಿಯುವ ವಿಷಯ ಇದಲ್ಲ, ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡುವವನು.

ಈ ಟೆಸ್ಟ್ ಹೇಗೆ ಮಾಡ್ತೀರಿ?

ಬಹಳಷ್ಟು ಕಡೆ ನಡೆಯುವುದು ಯೂರಿನ್ ಕಿಟ್ ಟೆಸ್ಟ್. ಒಂದು ಕಾರ್ಡಿನಲ್ಲಿ ಐದೋ ಆರೋ ಹತ್ತೋ ಸ್ಟ್ರಿಪ್ ಇರುತ್ತವೆ. ಒಂದೊಂದು ಸ್ಟ್ರಿಪ್ ಒಂದೊಂದು ಗುಂಪಿಗೆ: ಗಾಂಜಾ, ಅಫೀಮು-ಮಾರ್ಫೀನ್, ಕೊಕೇನ್, ಆಂಫೆಟಮಿನ್ (ಚುರುಕು ಏರಿಸುವ ಡ್ರಗ್), ನಿದ್ದೆ ಗುಳಿಗೆ ಹೀಗೆ. ಸ್ಟ್ರಿಪ್‌ನಲ್ಲಿ ಆಂಟಿಬಾಡಿ ಇರುತ್ತೆ. ಅದು ಡ್ರಗ್‌ನ ಅಣುವನ್ನು ಅದರ ಒಂದು ಭಾಗದ ಆಕಾರ ನೋಡಿ ಗುರುತಿಸುತ್ತೆ. ತಕರಾರು ಶುರುವಾಗುವುದು ಇಲ್ಲೇ. ಅದೇ ಥರದ ಆಕಾರ ನೀವು ತಗೊಂಡ ಯಾವುದೋ ಗುಳಿಗೆಯಲ್ಲೂ ಇದ್ದರೆ ಆಂಟಿಬಾಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಎಲ್ಲಾ ಸ್ಟ್ರಿಪ್‌ಗಳೂ ಒಂದೇ ಸಮ ಅಲ್ಲ. ಕೊಕೇನ್ ಸ್ಟ್ರಿಪ್ ತಪ್ಪಾಗಿ ಪಾಸಿಟಿವ್ ತೋರಿಸುವುದು ಬಹಳ ಅಪರೂಪ. ಗಾಂಜಾ ಸ್ಟ್ರಿಪ್ ಪರವಾಗಿಲ್ಲ. ಆಂಫೆಟಮಿನ್ ಸ್ಟ್ರಿಪ್ ಇದೆಯಲ್ಲ, ಅದರದ್ದೇ ದೊಡ್ಡ ಕಿರಿಕಿರಿ. ಆಂಫೆಟಮಿನ್ ಚಿಕ್ಕ ಅಣು, ಅದನ್ನು ಹೋಲುವ ಔಷಧಿಗಳು ಒಂದೆರಡಲ್ಲ.

ಎರಡು ಗೆರೆ ಬಂದರೆ ಪಾಸಿಟಿವ್ ಅಲ್ವಾ?

ಅಲ್ಲ, ಇಲ್ಲಿ ಉಲ್ಟಾ. ಬಸುರಿ ಟೆಸ್ಟ್ ಕಿಟ್ ನೋಡಿ ರೂಢಿಯಾದವರು ಇಲ್ಲಿ ತಪ್ಪುತ್ತಾರೆ. ಡ್ರಗ್ ಕಿಟ್‌ನಲ್ಲಿ ಎರಡು ಗೆರೆ ಬಂದರೆ ನೆಗೆಟಿವ್. ಮೇಲಿನ ಕಂಟ್ರೋಲ್ ಗೆರೆ ಮಾತ್ರ ಬಂದು ಕೆಳಗಿನದು ಬರದಿದ್ದರೆ ಪಾಸಿಟಿವ್. ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಕಿಟ್ ಕೆಟ್ಟಿದೆ, ಬಿಸಾಕಿ ಇನ್ನೊಂದು ತಗೊಳ್ಳಬೇಕು.

ಇನ್ನೊಂದು, ಮಸುಕಾದ ಗೆರೆ. ಕೆಳಗಿನ ಗೆರೆ ಎಷ್ಟೇ ತೆಳ್ಳಗೆ ಕಂಡರೂ ಅದು ನೆಗೆಟಿವ್. "ಸ್ವಲ್ಪ ಪಾಸಿಟಿವ್" ಅನ್ನುವುದು ಇಲ್ಲವೇ ಇಲ್ಲ. ಮನೆಯಲ್ಲಿ ಕಿಟ್ ಹಿಡಿದು ಮಗನ ಮೇಲೆ ಕೂಗಾಡುವ ಮೊದಲು ದಯವಿಟ್ಟು ಒಳಗಿನ ಚೀಟಿ ಓದಿ. ಅದರಲ್ಲಿ ಹೇಳಿದ ಸಮಯಕ್ಕೇ, ಸಾಮಾನ್ಯವಾಗಿ ಐದು ನಿಮಿಷಕ್ಕೆ, ಗೆರೆ ನೋಡಬೇಕು. ಅರ್ಧ ತಾಸು ಬಿಟ್ಟು ನೋಡಿದರೆ ಅದಕ್ಕೆ ಬೆಲೆ ಇಲ್ಲ. ಕಿಟ್‌ಗಳನ್ನು 30 ಡಿಗ್ರಿ ಒಳಗೆ ಇಡಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲಿಗೆ ಕೊರಿಯರ್ ಗಾಡಿಯಲ್ಲಿ ದಿನಗಟ್ಟಲೆ ಬೆಂದ ಕಿಟ್ ಏನು ಹೇಳುತ್ತೋ ದೇವರೇ ಬಲ್ಲ.

ಹಂಗಾದ್ರೆ ಗ್ಯಾರಂಟಿ ಟೆಸ್ಟ್ ಯಾವುದು?

ಕನ್ಫರ್ಮೇಷನ್ ಟೆಸ್ಟ್. ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್/ಎಂಎಸ್ ಅನ್ನುವ ಯಂತ್ರದಲ್ಲಿ ಮಾಡುತ್ತಾರೆ. ಮೊದಲು ಯೂರಿನ್‌ನಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಮಾಡುತ್ತೆ, ಆಮೇಲೆ ಒಂದೊಂದನ್ನೂ ಒಡೆದು ಚೂರುಗಳ ತೂಕದಿಂದ ಅದು ಯಾವ ವಸ್ತು ಅಂತ ಹೇಳುತ್ತೆ. ಎಷ್ಟು ನ್ಯಾನೋಗ್ರಾಂ ಇದೆ ಅಂತಲೂ ಹೇಳುತ್ತೆ. ಸಣ್ಣ ಲ್ಯಾಬ್‌ಗಳಲ್ಲಿ ಈ ಯಂತ್ರ ಇರುವುದಿಲ್ಲ, ಸ್ಯಾಂಪಲ್ ಹೊರಗಿನ ದೊಡ್ಡ ಲ್ಯಾಬ್‌ಗೆ ಹೋಗಬೇಕು. ದುಡ್ಡು ಜಾಸ್ತಿ, ದಿನವೂ ಹಿಡಿಯುತ್ತೆ. ಅದಕ್ಕೇ ಎಷ್ಟೋ ಕಂಪನಿಗಳು ಕಿಟ್ ನೋಡಿಯೇ ಹುಡುಗನನ್ನು ಮನೆಗೆ ಕಳಿಸಿಬಿಡುತ್ತವೆ. ಇದು ಶುದ್ಧ ಅನ್ಯಾಯ. ಕಿಟ್ ಇರುವುದು ಯಾರ ಸ್ಯಾಂಪಲ್ ಮುಂದೆ ಕಳಿಸಬೇಕು ಅಂತ ಆರಿಸಲಿಕ್ಕೆ, ಅಷ್ಟೇ.

ವಿಮಾನಯಾನದವರ ನಿಯಮ ನೋಡಿ, ಮೊದಲ ಟೆಸ್ಟ್‌ನಲ್ಲಿ ಬಂದದ್ದನ್ನು ಅವರು ಪಾಸಿಟಿವ್ ಅನ್ನುವುದೇ ಇಲ್ಲ, "ನಾನ್-ನೆಗೆಟಿವ್" ಅನ್ನುತ್ತಾರೆ. ಕನ್ಫರ್ಮ್ ರಿಪೋರ್ಟ್ ಬರುವ ತನಕ ಆ ನೌಕರನನ್ನು ಡ್ಯೂಟಿಯಿಂದ ದೂರ ಇಡುತ್ತಾರೆ, ಪಾಸಿಟಿವ್ ಅನ್ನುವ ತೀರ್ಮಾನ ಮಾತ್ರ ಎರಡನೇ ಟೆಸ್ಟ್ ಆದ ಮೇಲೇ. ನಮ್ಮ ಕಾರ್ಖಾನೆಗಳಿಗೆ ಇಷ್ಟು ಬುದ್ಧಿ ಬಂದರೆ ಸಾಕಿತ್ತು.

ಡಬ್ಬಿ ಮೇಲೆ ಇಷ್ಟು ಪರ್ಸೆಂಟ್ ಕರೆಕ್ಟ್ ಅಂತ ಬರೆದಿದೆಯಲ್ಲ? ಮತ್ತೆ ತಪ್ಪು ಹೇಗೆ ಬರುತ್ತೆ?

ಒಂದು ಲೆಕ್ಕ ಮಾಡೋಣ, ಪೆನ್ನು ಹಾಳೆ ತಗೊಳ್ಳಿ. ಒಂದು ಕಾರ್ಖಾನೆಯಲ್ಲಿ 1000 ಜನ ಇದ್ದಾರೆ ಅಂದುಕೊಳ್ಳಿ, ಅವರಲ್ಲಿ ನಿಜವಾಗಿ ಡ್ರಗ್ ತಗೊಳ್ಳುವವರು 20. ಕಿಟ್ 95 ಪರ್ಸೆಂಟ್ ಕರೆಕ್ಟ್, ಅಂದರೆ ತಗೊಂಡವರಲ್ಲಿ ನೂರಕ್ಕೆ 95 ಜನರನ್ನು ಹಿಡಿಯುತ್ತೆ, ತಗೊಳ್ಳದವರಲ್ಲಿ ನೂರಕ್ಕೆ 5 ಜನರ ಮೇಲೆ ಸುಮ್ನೆ ತಪ್ಪು ಹೊರಿಸುತ್ತೆ. 20 ಜನರಲ್ಲಿ 19 ಸಿಕ್ಕರು. ಉಳಿದ 980 ಅಮಾಯಕರಲ್ಲಿ 5 ಪರ್ಸೆಂಟ್ ಅಂದರೆ 49 ಜನ. ಒಟ್ಟು ಪಾಸಿಟಿವ್ 68. ಅದರಲ್ಲಿ 49 ಜನ ಏನೂ ಮಾಡಿಲ್ಲ!

95 ಪರ್ಸೆಂಟ್ ಕರೆಕ್ಟ್ ಇದ್ದ ಕಿಟ್‌ನಲ್ಲೇ ನಾಲ್ಕರಲ್ಲಿ ಸುಮಾರು ಮೂರು ಪಾಸಿಟಿವ್ ಸುಳ್ಳು. ಇದೇ ಕಿಟ್ಟನ್ನು ಚಟ ಬಿಡಿಸುವ ಕೇಂದ್ರಕ್ಕೆ ಒಯ್ಯಿರಿ. ಅಲ್ಲಿ ಸಾವಿರಕ್ಕೆ 500 ಜನ ತಗೊಳ್ಳುವವರಿದ್ದರೆ 475 ನಿಜದ ಪಾಸಿಟಿವ್, 25 ಮಾತ್ರ ಸುಳ್ಳು. ಕಿಟ್ ಅದೇ, ಟೆಸ್ಟ್ ಮಾಡಿಸಿಕೊಳ್ಳುವ ಜನ ಬೇರೆ. ಯಾವ ಅನುಮಾನವೂ ಇಲ್ಲದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಟೆಸ್ಟ್ ಮಾಡುವ ಕಡೆ ಕಿಟ್ ಮೇಲೆ ನಂಬಿಕೆ ಕಡಿಮೆ ಇರಬೇಕು. ಎಚ್‌ಆರ್‌ನವರಿಗೆ ಈ ಲೆಕ್ಕ ಹೇಳಿದರೆ ತಲೆ ಆಡಿಸುತ್ತಾರೆ, ಆಮೇಲೆ "ಆಯ್ತು ಸರ್, ರಿಪೋರ್ಟ್ ಪಾಸಿಟಿವ್ ತಾನೇ?" ಅನ್ನುತ್ತಾರೆ.

ಯಾವ ಗುಳಿಗೆ ತಗೊಂಡರೆ ಸುಳ್ಳು ಪಾಸಿಟಿವ್ ಬರುತ್ತೆ?

ಎಲ್ಲಾ ಕಿಟ್‌ನಲ್ಲೂ ಎಲ್ಲಾ ಗುಳಿಗೆಗೂ ಬರುವುದಿಲ್ಲ, ಕಂಪನಿಯಿಂದ ಕಂಪನಿಗೆ ಆಂಟಿಬಾಡಿ ಬದಲಾಗುತ್ತೆ. ಆದರೂ ನಮ್ಮ ಮನೆಗಳಲ್ಲಿ ಇರುವ ಔಷಧಿಗಳನ್ನೇ ಹಿಡಿದು ಹೇಳುತ್ತೇನೆ.

ಪಿತ್ತ ಜಾಸ್ತಿ ಆಯಿತು ಅಂತ ಬೆಳಗಾದರೆ ಒಂದು ಪ್ಯಾಂಟೊಪ್ರಜೋಲ್ ನುಂಗುವವರು ನಮ್ಮಲ್ಲಿ ಮನೆಗೊಬ್ಬರು. ಮಿರ್ಚಿ-ಗಿರ್ಮಿಟ್ ತಿನ್ನುವ ಊರು, ತಪ್ಪೇನಿಲ್ಲ ಬಿಡಿ. ಈ ಗುಳಿಗೆಯಿಂದ ಗಾಂಜಾ ಸ್ಟ್ರಿಪ್ ಸುಳ್ಳು ಪಾಸಿಟಿವ್ ಬರಬಹುದು ಅಂತ ಔಷಧಿಯ ಅಧಿಕೃತ ಮಾಹಿತಿಯಲ್ಲೇ ಎಚ್ಚರಿಕೆ ಇದೆ. ಪಿತ್ತಕ್ಕೇ ತಗೊಳ್ಳುವ ಹಳೆಯ ರ‍್ಯಾನಿಟಿಡಿನ್‌ನದು ಬೇರೆ ಕಥೆ, ಅದು ಆಂಫೆಟಮಿನ್ ಸ್ಟ್ರಿಪ್ ಕೆಡಿಸುತ್ತೆ.

ನೆಗಡಿ ಗುಳಿಗೆಗಳು ಆಂಫೆಟಮಿನ್ ಸ್ಟ್ರಿಪ್‌ನ ಹಳೇ ವೈರಿಗಳು. ಮೂಗು ಕಟ್ಟಿದ್ದು ಬಿಡಿಸುವ ಸೂಡೋಎಫೆಡ್ರಿನ್, ಫಿನೈಲ್‌ಎಫ್ರಿನ್ ಎರಡರ ಮೇಲೂ ದೂರು ಇದೆ. ಬಿಪಿಗೆ, ಅದರಲ್ಲೂ ಬಸುರಿಯರಿಗೆ ಕೊಡುವ ಲಬೆಟಲಾಲ್ ಇದೇ ಸ್ಟ್ರಿಪ್ಪನ್ನು ಮೋಸ ಮಾಡುತ್ತೆ. ಹೊಟ್ಟೆಯಲ್ಲಿ ಮಗು ಇರುವ ಹೆಣ್ಣುಮಗಳ ಮೇಲೆ ಇಂಥ ಅನುಮಾನ ಬಂದರೆ ಅತ್ತೆಮನೆಯಲ್ಲಿ ಏನಾಗಬಹುದು ಯೋಚಿಸಿ. ಮನಸ್ಸಿನ ಕಾಯಿಲೆಗೆ ಕೊಡುವ ಬುಪ್ರೋಪಿಯಾನ್, ಟ್ರಾಜೋಡೋನ್, ವಾಂತಿ-ಅಲರ್ಜಿಗೆ ಕೊಡುವ ಪ್ರೋಮೆಥಾಜಿನ್ ಸಹ ಈ ಪಟ್ಟಿಯಲ್ಲೇ ಬರುತ್ತವೆ.

ಅಫೀಮು ಸ್ಟ್ರಿಪ್‌ಗೆ ಬಂದರೆ, ಹೊಟ್ಟೆ ಕೆಟ್ಟಾಗ ಕೊಡುವ ಆಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಆಂಟಿಬಯಾಟಿಕ್‌ಗಳು. ಟಿಬಿ ರೋಗಿಗಳ ರಿಫಾಂಪಿಸಿನ್ ಕೂಡ. ರಿಫಾಂಪಿಸಿನ್ ತಗೊಂಡವರ ಮೂತ್ರ ಕೆಂಪು-ಕಿತ್ತಳೆ ಆಗಿರುತ್ತೆ, ಅನುಭವ ಇರುವ ಟೆಕ್ನಿಷಿಯನ್ ಡಬ್ಬಿ ನೋಡಿದ ತಕ್ಷಣ "ಟಿಬಿ ಔಷಧಿ ನಡೆದಿದೆಯಾ?" ಅಂತ ಕೇಳಬೇಕು. ಖಿನ್ನತೆಗೆ ಕೊಡುವ ಸರ್ಟ್ರಲಿನ್ ನಿದ್ದೆ ಗುಳಿಗೆ ಸ್ಟ್ರಿಪ್‌ನಲ್ಲಿ ತೋರಿಸಬಹುದು. ಪಿಸಿಪಿ ಅಂತ ಒಂದು ಸ್ಟ್ರಿಪ್ ಕೆಲವು ಕಾರ್ಡ್‌ನಲ್ಲಿ ಇರುತ್ತೆ. ನಮ್ಮ ಕಡೆ ಆ ಡ್ರಗ್‌ನ ಸುದ್ದಿಯೇ ಇಲ್ಲ, ಆದರೆ ಒಣ ಕೆಮ್ಮಿನ ಡೆಕ್ಸ್‌ಟ್ರೋಮೆಥಾರ್ಫಾನ್ ಸಿರಪ್ ಮತ್ತು ನೋವಿನ ಟ್ರಮಡಾಲ್ ಅದನ್ನು ಪಾಸಿಟಿವ್ ಮಾಡಬಲ್ಲವು.

ವಿಕ್ಸ್ ಇನ್‌ಹೇಲರ್ ಬಗ್ಗೆ ಕೇಳುವವರಿಗೆ: ಇಂಟರ್ನೆಟ್‌ನಲ್ಲಿ ಓದಿದ್ದು ಅಮೆರಿಕದ ಇನ್‌ಹೇಲರ್ ವಿಷಯ, ಅದರಲ್ಲಿ ಮೆಥಾಂಫೆಟಮಿನ್‌ನ ಒಂದು ರೂಪ ಇತ್ತು. ನಮ್ಮಲ್ಲಿ ಸಿಗುವುದರಲ್ಲಿ ಪುದೀನ ಸತ್ವ, ಕರ್ಪೂರ ಇರುವುದು. ಹೆದರಬೇಡಿ.

ಗಸಗಸೆ ಪಾಯಸ ಕುಡಿದರೆ ಪಾಸಿಟಿವ್ ಬರುತ್ತಾ? ತಮಾಷೆ ಅಲ್ವಾ ಇದು?

ತಮಾಷೆ ಅಲ್ಲ, ಬರುತ್ತೆ. ಕಸಕಸಿ ಬರುವುದು ಅಫೀಮಿನ ಗಿಡದಿಂದಲೇ. ಬೀಜದ ಒಳಗೆ ಮಾರ್ಫೀನ್ ತೀರ ಕಡಿಮೆ, ಆದರೆ ಕಾಯಿಯ ಹಾಲು ಬೀಜದ ಮೈಗೆ ಅಂಟಿಕೊಂಡಿರುತ್ತೆ. ತೊಳೆದರೆ, ಹುರಿದರೆ, ಕುದಿಸಿದರೆ ಕಡಿಮೆ ಆಗುತ್ತೆ, ಪೂರ್ತಿ ಹೋಗುವುದಿಲ್ಲ. ಯಾವ ಹೊಲದ ಬೀಜ, ಹೇಗೆ ಸ್ವಚ್ಛ ಮಾಡಿದ್ದಾರೆ ಅನ್ನುವುದರ ಮೇಲೆ ಮಾರ್ಫೀನ್ ಪ್ರಮಾಣ ಸಿಕ್ಕಾಪಟ್ಟೆ ಬದಲಾಗುತ್ತೆ. ಅದಕ್ಕೇ ಒಬ್ಬರಿಗೆ ಏನೂ ಆಗುವುದಿಲ್ಲ, ಇನ್ನೊಬ್ಬರಿಗೆ ಸ್ಟ್ರಿಪ್ ಪಾಸಿಟಿವ್.

ಪರದೇಶದವರು ಬನ್ನಿನ ಮೇಲೆ ಉದುರಿಸಿದ ನಾಲ್ಕು ಕಾಳಿಗೇ ಗಾಬರಿ ಬೀಳುತ್ತಾರೆ. ನಾವು ರುಬ್ಬಿ, ಪಾಯಸ ಮಾಡಿ, ಲೋಟಗಟ್ಟಲೆ ಕುಡಿಯುವವರು. ಕರ್ಚಿಕಾಯಿ ಹೂರಣದಲ್ಲೂ ಹಾಕುತ್ತೇವೆ, ಮಟನ್ ಸಾರಿನ ಮಸಾಲೆಯಲ್ಲೂ ಹಾಕುತ್ತೇವೆ. ಚೆನ್ನಾಗಿ ತಿಂದ ಮೇಲೆ ಎರಡು ದಿನದ ತನಕ ಮೂತ್ರದಲ್ಲಿ ಮಾರ್ಫೀನ್ ಸಿಗಬಹುದು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ರ‍್ಯಾನಿಟಿಡಿನ್ ಆದರೆ ದೊಡ್ಡ ಯಂತ್ರ "ಇದು ಆಂಫೆಟಮಿನ್ ಅಲ್ಲ" ಅಂತ ಬಿಡಿಸಿ ಹೇಳುತ್ತೆ. ಗಸಗಸೆಯಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಮೂತ್ರದಲ್ಲಿ ಇರುವುದು ನಿಜವಾದ ಮಾರ್ಫೀನೇ. ಯಂತ್ರ ಅದನ್ನು ಕನ್ಫರ್ಮ್ ಮಾಡುತ್ತೆ! ಅದು ಎಲ್ಲಿಂದ ಬಂತು ಅನ್ನುವುದು ಮನುಷ್ಯರು ಕೂತು ನೋಡಬೇಕಾದ ವಿಷಯ. ಹೆರಾಯಿನ್ ತಗೊಂಡಿದ್ದರೆ 6-ಎಂಎಎಂ ಅನ್ನುವ ವಸ್ತು ಸಿಗುತ್ತೆ, ಗಸಗಸೆಯಿಂದ ಅದು ಬರಲು ಸಾಧ್ಯವೇ ಇಲ್ಲ. ಆದರೆ ಅದು ಒಂದು ದಿನದೊಳಗೇ ಮಾಯ ಆಗುತ್ತೆ, ಹಾಗಾಗಿ ಸಿಗಲಿಲ್ಲ ಅಂದ ಮಾತ್ರಕ್ಕೆ ಹೆರಾಯಿನ್ ಇಲ್ಲವೇ ಇಲ್ಲ ಅನ್ನಲೂ ಆಗುವುದಿಲ್ಲ.

ಅಮೆರಿಕದಲ್ಲಿ ಮೊದಲು ಈ ಟೆಸ್ಟ್‌ನ ಗಡಿ, ಅಂದರೆ ಒಂದು ಮಿಲಿ ಮೂತ್ರದಲ್ಲಿ ಇಷ್ಟು ಇದ್ದರೆ ಮಾತ್ರ ಪಾಸಿಟಿವ್ ಅನ್ನುವ ಅಳತೆ, 300 ನ್ಯಾನೋಗ್ರಾಂ ಇತ್ತು. ಗಸಗಸೆ ಗಲಾಟೆ ಜಾಸ್ತಿ ಆಗಿ 1998ರಲ್ಲಿ ಸರ್ಕಾರಿ ನೌಕರರ ಟೆಸ್ಟ್‌ಗೆ ಅದನ್ನು 2000ಕ್ಕೆ ಏರಿಸಿದರು. ಅಷ್ಟಾದರೂ 2023ರಲ್ಲಿ ಅಲ್ಲಿನ ಸೈನ್ಯ ತನ್ನವರಿಗೆ ಗಸಗಸೆ ತಿನ್ನಬೇಡಿ ಅಂತ ಸೂಚನೆ ಕೊಟ್ಟಿತು. ನಮ್ಮ ಪೇಟೆಯಲ್ಲಿ 300ರ ಕಿಟ್ಟೂ ಸಿಗುತ್ತೆ, 2000ದ್ದೂ ಸಿಗುತ್ತೆ. ನಿಮ್ಮ ಟೆಸ್ಟ್ ಯಾವುದರಲ್ಲಿ ಆಯಿತು ಅಂತ ಕೇಳಿ ತಿಳಿದುಕೊಳ್ಳಿ. ಟೆಸ್ಟ್ ಇದೆ ಅಂತ ಗೊತ್ತಿದ್ದರೆ ಮೂರು ದಿನ ಮೊದಲೇ ಪಾಯಸ, ಕರ್ಚಿಕಾಯಿ ಬಿಡಿ. ದುಬೈಗೆ ಹೊರಟವರಂತೂ ಅವ್ವ ಕಟ್ಟಿಕೊಟ್ಟ ಬುತ್ತಿಯಲ್ಲಿ ಕಸಕಸಿ ಪೊಟ್ಟಣ ಇದೆಯಾ ನೋಡಿ ತೆಗೆದಿಡಿ, ಅಲ್ಲಿ ಕಾಳೇ ನಿಷೇಧ.

ಕೆಮ್ಮಿನ ಸಿರಪ್ ಕುಡಿದಿದ್ದೆ, ಅದೂ ಸುಳ್ಳು ಪಾಸಿಟಿವ್ ತಾನೇ?

ಯಾವ ಸಿರಪ್ ಅನ್ನುವುದರ ಮೇಲೆ ಹೋಗುತ್ತೆ. ಕೋಡೀನ್ ಇರುವ ಸಿರಪ್ ಆದರೆ ಅದು ಸುಳ್ಳಲ್ಲ. ಕೋಡೀನ್ ಅಫೀಮಿನ ಗುಂಪಿನದೇ, ದೇಹದಲ್ಲಿ ಅದರ ಒಂದಿಷ್ಟು ಭಾಗ ಮಾರ್ಫೀನ್ ಆಗುತ್ತೆ. ಡಾಕ್ಟರ್ ಚೀಟಿ ಇದ್ದರೆ ತೋರಿಸಿ, ಅದು ಸರಿಯಾದ ಕಾರಣವೇ. ಚೀಟಿ ಇಲ್ಲದೆ ಬಾಟಲಿಗಟ್ಟಲೆ ಕುಡಿದಿದ್ದರೆ ಅದನ್ನು ಸುಳ್ಳು ಪಾಸಿಟಿವ್ ಅಂತ ಕರೆದು ಪ್ರಯೋಜನವಿಲ್ಲ.

ಆಯುರ್ವೇದ ಗುಳಿಗೆಯಿಂದ ಏನೂ ಆಗಲ್ಲ ಅಲ್ವಾ?

ಆಗುತ್ತೆ. ಕಾಮಿನಿ ವಿದ್ರಾವಣ ರಸ ಅಂತ ಒಂದು ಔಷಧಿ ಇದೆ, ಅದರಲ್ಲಿ ಅಫೀಮು ಇದೆ. ಮುನಕ್ಕಾ ಹೆಸರಿನಲ್ಲಿ ಪಾನ್ ಅಂಗಡಿಗಳಲ್ಲಿ ಸಿಗುವ ಉಂಡೆಗಳಲ್ಲಿ ಭಂಗಿ ಇರುತ್ತೆ. "ಗಿಡಮೂಲಿಕೆ ಸರ್, ಸೈಡ್ ಎಫೆಕ್ಟ್ ಇಲ್ಲ" ಅಂತ ಕೊಡುವವನಿಗೆ ನಿಮ್ಮ ರಿಪೋರ್ಟ್ ಚಿಂತೆ ಇಲ್ಲ. ಡಬ್ಬಿ ಹಿಂದೆ ಅಹಿಫೇನ, ವಿಜಯಾ ಅನ್ನುವ ಪದ ಕಂಡರೆ ಮೊದಲನೆಯದು ಅಫೀಮು, ಎರಡನೆಯದು ಭಂಗಿ ಅಂತ ತಿಳಿದುಕೊಳ್ಳಿ.

ಹೋಳಿಗೆ ಭಂಗಿ ಕುಡಿದಿದ್ದೆ. ಭಂಗಿ ಕಾನೂನು ಪ್ರಕಾರ ಗಾಂಜಾ ಅಲ್ಲವಂತಲ್ಲ?

ಕಾನೂನಿಗೂ ಯೂರಿನ್‌ಗೂ ಸಂಬಂಧ ಇಲ್ಲ. 1985ರ ಮಾದಕ ವಸ್ತು ತಡೆ ಕಾನೂನು, ಅಂದರೆ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ-ಕಾಯಿ ಬಿಡುವ ತುದಿ, ಬರೀ ಎಲೆ ಮತ್ತು ಬೀಜ ಅದರಲ್ಲಿ ಬರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಭಂಗಿ ಬಗ್ಗೆ ಇದೇ ಮಾತು ಎತ್ತಿತ್ತು. ಆದರೆ ಎಲೆಯಲ್ಲಿ ಇರುವುದೂ ಗಾಂಜಾದಲ್ಲಿ ನಶೆ ಏರಿಸುವ ಅದೇ ಟಿಎಚ್‌ಸಿ. ರಂಗಪಂಚಮಿ ದಿನ ಕುಡಿದ ಒಂದು ಲೋಟ ಭಂಗಿ ಹಾಕಿದ ತಂಡಾಯಿ ಕಿಟ್‌ನಲ್ಲೂ ಬರುತ್ತೆ, ದೊಡ್ಡ ಯಂತ್ರದಲ್ಲೂ ಬರುತ್ತೆ. ಇದು ನಿಜದ ಪಾಸಿಟಿವ್, ಗೊತ್ತಿಲ್ಲದೆ ಕುಡಿದಿದ್ದರೂ ಸಹ.

ಬೇರೆಯವರು ಸೇದುವಾಗ ಪಕ್ಕದಲ್ಲಿ ಕೂತಿದ್ದೆ…

ಈ ಮಾತು ದಿನಾ ಕೇಳುತ್ತೇನೆ. ಗಾಂಜಾ ಕಿಟ್‌ನ ಸಾಮಾನ್ಯ ಗಡಿ 50 ನ್ಯಾನೋಗ್ರಾಂ. ಕಿಟಕಿ-ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ದಟ್ಟ ಹೊಗೆಯಲ್ಲಿ ಗಂಟೆಗಟ್ಟಲೆ ಕೂತರೆ ಅಪರೂಪಕ್ಕೆ ಬರಬಹುದು, ಅದೂ ಕೆಲವು ಗಂಟೆ ಮಾತ್ರ. ಉಣಕಲ್ ಕೆರೆ ದಂಡೆ ಮೇಲೆ ಗೆಳೆಯನ ಪಕ್ಕ ಕೂತಿದ್ದಕ್ಕೆ ಬರುವುದಿಲ್ಲ ಮಾರಾಯರೇ.

ಗುಟ್ಕಾ, ಮಾವಾ, ಸಿಗರೇಟು?

ಸಾಮಾನ್ಯ ಡ್ರಗ್ ಕಾರ್ಡ್‌ನಲ್ಲಿ ತಂಬಾಕು ನೋಡುವುದಿಲ್ಲ. ವಿಮೆ ಕಂಪನಿಯವರು ಕೋಟಿನಿನ್ ಅಂತ ಬೇರೆ ಟೆಸ್ಟ್ ಮಾಡಿಸಬಹುದು, ಅದರಲ್ಲಿ ಜಗಿಯುವ ತಂಬಾಕೂ ಸಿಗುತ್ತೆ.

ಎಷ್ಟು ದಿನ ಮೂತ್ರದಲ್ಲಿ ಇರುತ್ತೆ?

ಗಾಂಜಾ ಒಂದೇ ಸಲ ಆದರೆ ಸುಮಾರು ಮೂರು ದಿನ, ದಿನಾ ಸೇದುವವರಲ್ಲಿ ತಿಂಗಳ ತನಕ, ಯಾಕೆಂದರೆ ಅದು ಕೊಬ್ಬಿನಲ್ಲಿ ಕೂತು ನಿಧಾನ ಹೊರಬರುತ್ತೆ. ಕೊಕೇನ್, ಆಂಫೆಟಮಿನ್ ಎರಡರಿಂದ ನಾಲ್ಕು ದಿನ. ಮಾರ್ಫೀನ್ ಎರಡು-ಮೂರು ದಿನ. ನಿದ್ದೆ ಗುಳಿಗೆ ಡಯಾಜಿಪಾಮ್ ಬಹಳ ದಿನ ತಗೊಂಡಿದ್ದರೆ ವಾರಗಟ್ಟಲೆ. ಪಾಸಿಟಿವ್ ಬಂದವನು ಟೆಸ್ಟ್ ಹೊತ್ತಿಗೆ ನಶೆಯಲ್ಲಿದ್ದ ಅಂತ ಇದರಿಂದ ಹೇಳಲು ಬರುವುದಿಲ್ಲ. ಕುಡಿದು ಗಾಡಿ ಓಡಿಸುವುದಕ್ಕೆ ಒಂದು ಗಡಿ ಇದೆ, 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಯೂರಿನ್ ಕಿಟ್‌ಗೆ ಅಂಥ ಅರ್ಥ ಇಲ್ಲ.

ಜಾಸ್ತಿ ನೀರು ಕುಡಿದು ಬಂದರೆ?

ಬರಬೇಡಿ. ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ 100 ಮಿಲಿಗೆ 20 ಮಿಲಿಗ್ರಾಂಗಿಂತ ಕೆಳಗೆ ಇಳಿದು ಮೂತ್ರವೂ ನೀರಿನಷ್ಟು ತೆಳ್ಳಗಿದ್ದರೆ ಸ್ಯಾಂಪಲ್ ತೆಳುವಾಗಿದೆ ಅಂತ ರಿಪೋರ್ಟ್ ಆಗುತ್ತೆ, ಮತ್ತೆ ಕರೆಸುತ್ತಾರೆ, ಸುಮ್ನೆ ಇದ್ದವರ ಮೇಲೂ ಅನುಮಾನ ಬರುತ್ತೆ. ಹುಣಸೆ ರಸ, ನಿಂಬೆ ಹಣ್ಣು ಯಾವುದೂ ಏನೂ ಮಾಡುವುದಿಲ್ಲ.

ಗರಡಿ ಹುಡುಗರಿಗೆ, ಕ್ರೀಡಾಪಟುಗಳಿಗೆ ಇದೇ ನಿಯಮನಾ?

ಅವರದ್ದು ಇನ್ನೂ ಬಿಗಿ. ನಾಡಾ, ಅಂದರೆ ಕ್ರೀಡೆಯಲ್ಲಿ ಡೋಪಿಂಗ್ ತಡೆಯುವ ರಾಷ್ಟ್ರೀಯ ಸಂಸ್ಥೆಯವರು ತಗೊಂಡ ಸ್ಯಾಂಪಲ್ಲನ್ನು ಎ ಮತ್ತು ಬಿ ಅಂತ ಎರಡು ಬಾಟಲಿ ಮಾಡುತ್ತಾರೆ, ಎ ಪಾಸಿಟಿವ್ ಬಂದರೆ ಬಿ ತೆರೆಸುವ ಹಕ್ಕು ಆಟಗಾರನಿಗೆ ಇದೆ. ಅಲ್ಲಿ ಟೆಸ್ಟ್ ಸುಳ್ಳಾಗುವುದು ಕಡಿಮೆ. ತಕರಾರು ಇರುವುದು ಬೇರೆ ಕಡೆ: ದೇಹದಲ್ಲಿ ಸಿಕ್ಕರೆ ಹೇಗೆ ಬಂತು ಅನ್ನುವುದು ಆಟಗಾರನ ತಲೆ ಮೇಲೆ. 2016ರಲ್ಲಿ ಪೈಲ್ವಾನ್ ನರಸಿಂಗ್ ಯಾದವ್ ತನ್ನ ಆಹಾರದಲ್ಲಿ ಯಾರೋ ಬೆರೆಸಿದ್ದಾರೆ ಅಂದರು, ನಾಡಾ ಒಪ್ಪಿತು, ರಿಯೋದಲ್ಲಿ ಕ್ರೀಡಾ ನ್ಯಾಯಮಂಡಳಿ ಒಪ್ಪದೆ ನಾಲ್ಕು ವರ್ಷ ನಿಷೇಧ ಹಾಕಿತು. ಜಿಮ್‌ನಲ್ಲಿ ಬಿಲ್ ಇಲ್ಲದೆ ಸಿಗುವ ಪ್ರೋಟೀನ್ ಪುಡಿ ಡಬ್ಬಿ ಬಗ್ಗೆ ಹುಷಾರಾಗಿರಿ.

ಪೊಲೀಸರು ಕರೆದುಕೊಂಡು ಹೋಗಿ ಟೆಸ್ಟ್ ಮಾಡಿಸಿದರೆ?

ಡ್ರಗ್ ಸೇವನೆಗೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಇದೆ. ಕೊಕೇನ್, ಮಾರ್ಫೀನ್, ಹೆರಾಯಿನ್ ಆದರೆ ಒಂದು ವರ್ಷದ ತನಕ ಜೈಲು ಅಥವಾ 20,000 ರೂಪಾಯಿ ತನಕ ದಂಡ ಅಥವಾ ಎರಡೂ. ಉಳಿದವಕ್ಕೆ ಆರು ತಿಂಗಳು, 10,000. ಸ್ಯಾಂಪಲ್ ನಿಮ್ಮ ಎದುರೇ ಸೀಲ್ ಆಗಬೇಕು, ಹೆಸರು ಸರಿ ಇದೆಯಾ ನೋಡಿ ಸಹಿ ಮಾಡಿ. ತಗೊಳ್ಳುತ್ತಿರುವ ಗುಳಿಗೆಗಳ ಹೆಸರು ಆಗಲೇ ಬರೆಸಿ, ಆಮೇಲೆ ಹೇಳಿದರೆ ಕಥೆ ಕಟ್ಟಿದಂತೆ ಕಾಣುತ್ತೆ. ಕಿಟ್ಟಿನಲ್ಲಿ ಮಾತ್ರ ನೋಡಿದ್ದಾರಾ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ್ದಾರಾ ಅಂತ ವಕೀಲರ ಕಡೆಯಿಂದ ಕೇಳಿಸಿ. ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೇ ಬಂದಿದೆ, ಈ ಟೆಸ್ಟ್‌ಗಳ ಒಳಗುಟ್ಟು ಕಲಿತ ಹುಡುಗ-ಹುಡುಗಿಯರು ಇಲ್ಲಿಂದಲೇ ಹೊರಬರುತ್ತಾರೆ ಅನ್ನುವುದು ನನಗೆ ಖುಷಿ.

ಕಂಪನಿ ಟೆಸ್ಟ್‌ನಲ್ಲಿ ಪಾಸಿಟಿವ್ ಅಂದರು. ನಾನು ಏನೂ ತಗೊಂಡಿಲ್ಲ. ಈಗ ಏನು ಮಾಡಲಿ?

ಮೊದಲು ಜಗಳ ಬೇಡ, ಸಹಿಯೂ ಬೇಡ. "ತಪ್ಪೊಪ್ಪಿಗೆ ಬರೆದುಕೊಡು, ಮುಂದಿನ ಸಲ ನೋಡೋಣ" ಅನ್ನುವವರು ಇರುತ್ತಾರೆ, ಬರೆದುಕೊಡಬೇಡಿ. ಯಾವ ಸ್ಟ್ರಿಪ್ ಪಾಸಿಟಿವ್, ಕಿಟ್ ಯಾವ ಕಂಪನಿಯದು, ಗಡಿ ಎಷ್ಟು, ಎಕ್ಸ್‌ಪೈರಿ ಯಾವಾಗ ಅಂತ ಕೇಳಿ ಬರೆದುಕೊಳ್ಳಿ. ಅದೇ ಸ್ಯಾಂಪಲ್ಲನ್ನು ಜಿಸಿ-ಎಂಎಸ್‌ಗೆ ಕಳಿಸಿ ಅಂತ ಮೇಲ್ ಹಾಕಿ, ಬಾಯಲ್ಲಿ ಹೇಳಿದರೆ ಸಾಲದು. ಹೊಸ ಸ್ಯಾಂಪಲ್ ಕೊಟ್ಟು ನೆಗೆಟಿವ್ ತಂದರೆ ಅವರು "ಈಗ ಇಳಿದಿದೆ" ಅನ್ನುತ್ತಾರೆ, ಹಾಗಾಗಿ ಹಳೆಯದೇ ಮುಖ್ಯ. ಹದಿನೈದು ದಿನದಲ್ಲಿ ತಗೊಂಡ ಗುಳಿಗೆ, ಸಿರಪ್, ಚೂರ್ಣ, ಪುಡಿ ಎಲ್ಲಾ ಪಟ್ಟಿ ಮಾಡಿ. ಗುಳಿಗೆಯ ಖಾಲಿ ಸ್ಟ್ರಿಪ್ ಬಿಸಾಕಿದ್ದರೆ ಔಷಧಿ ಅಂಗಡಿಯವರ ಬಿಲ್ ಕೇಳಿ. ಆ ಪಟ್ಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ ಒಂದು ಪತ್ರ ಬರೆಸಿಕೊಳ್ಳಿ. ಹೆದರಿಕೊಂಡು ಬಿಪಿ, ಟಿಬಿ ಗುಳಿಗೆ ನಿಲ್ಲಿಸಿದರೆ ಮಾತ್ರ ಅದಕ್ಕಿಂತ ದೊಡ್ಡ ಹುಚ್ಚುತನ ಇಲ್ಲ.

ದೊಡ್ಡ ಯಂತ್ರವೂ ಒಂದು ತಪ್ಪು ಹಿಡಿಯಲಾರದು, ಡಬ್ಬಿ ಅದಲುಬದಲು. ಒಂದೇ ಬಾತ್‌ರೂಮಿನ ಹೊರಗೆ ನಲವತ್ತು ಜನ ಸಾಲು ನಿಂತು, ಹೆಸರು ಆಮೇಲೆ ಬರೆಯುವ ಕ್ಯಾಂಪ್‌ಗಳಲ್ಲಿ ಇದು ಆಗುತ್ತೆ. ಡಬ್ಬಿ ಮೇಲೆ ನಿಮ್ಮ ಹೆಸರು ಬರೆಯುವ ತನಕ ಅದನ್ನು ಕೈಬಿಡಬೇಡಿ.

ಮಗನ ಟೆಸ್ಟ್ ನೆಗೆಟಿವ್ ಬಂತು. ನಾವು ನಿಶ್ಚಿಂತೆ ಇರಬಹುದಾ?

ಅಷ್ಟು ಸುಲಭ ಅಲ್ಲ ಅಕ್ಕಾರೆ. ಮಾರ್ಫೀನ್ ಸ್ಟ್ರಿಪ್‌ಗೆ ನೋವಿನ ಗುಳಿಗೆಗಳಾದ ಟ್ರಮಡಾಲ್, ಟಪೆಂಟಡಾಲ್ ಸಿಗುವುದಿಲ್ಲ, ಹುಡುಗರು ನಶೆಗೆ ನುಂಗುವುದು ಇವನ್ನೇ. ನಿದ್ದೆ ಗುಳಿಗೆ ಗುಂಪಿನ ಕ್ಲೋನಾಜಿಪಾಮ್ ಎಷ್ಟೋ ಕಿಟ್‌ಗಳಲ್ಲಿ ತಪ್ಪಿಸಿಕೊಳ್ಳುತ್ತೆ. ವೈಟ್ನರ್, ಪಂಕ್ಚರ್ ಸೊಲ್ಯೂಷನ್ ಮೂಸುವುದಂತೂ ಯಾವ ಕಾರ್ಡ್‌ನಲ್ಲೂ ಬರುವುದಿಲ್ಲ. ನಿದ್ದೆ, ಓದು, ದುಡ್ಡಿನ ಲೆಕ್ಕ ಬದಲಾಗಿದೆ ಅನ್ನಿಸಿದರೆ ಕಿಟ್ ಪಕ್ಕಕ್ಕಿಟ್ಟು ಅವನ ಜೊತೆ ಕೂತು ಮಾತಾಡಿ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಬಹುದು, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಕೂಡ ಇದೆ. ಪೊಲೀಸ್ ಕೇಸ್ ಆಗುತ್ತೆ ಅಂತ ಎಷ್ಟೋ ಅಪ್ಪಂದಿರು ಆಸ್ಪತ್ರೆ ಬಾಗಿಲಿಗೇ ಬರುವುದಿಲ್ಲ. ಎನ್‌ಡಿಪಿಎಸ್‌ನ 64ಎ ಸೆಕ್ಷನ್ ಓದಿಸಿ: ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇದ್ದು, ಚಟಕ್ಕೆ ಬಿದ್ದವನು ತಾನಾಗಿ ಬಂದು ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆ ವಾಪಸ್ ಹೋಗಬಹುದು.